ಪೋರ್ಕ್ಯುಪೈನ್ ನದಿಯ ದಡದ ಊರು: ಪ್ರವಾಸಕ್ಕೊಂದು ಪೂರ್ವಸಿದ್ಧತೆ

ಕೆನಡಾ ದೇಶದ ವಾಯವ್ಯ ಮೂಲೆಯಲ್ಲಿರುವ ಯೂಕಾನ್ ಪ್ರಾಂತದ ಭೂಪಟದಲ್ಲಿ ಯಾವ ರಸ್ತೆಯ ಗೆರೆಯೂ ಮುಟ್ಟದ ಒಂದು ಚುಕ್ಕೆಯಿದೆ. ಅದೇ ಓಲ್ಡ್ ಕ್ರೋ. ಕ್ರೋ ನದಿಯು ಪೋರ್ಕ್ಯುಪೈನ್ ನದಿಯನ್ನು ಕೂಡುವಲ್ಲಿ, ಆರ್ಕ್ಟಿಕ್ ವೃತ್ತದಿಂದ ಸುಮಾರು 110 ಕಿ.ಮೀ. ಉತ್ತರಕ್ಕೆ ಈ ಊರು ನೆಲೆಸಿದೆ. 2021ರ ಜನಗಣತಿಯಲ್ಲಿ ಇದರ ಜನಸಂಖ್ಯೆ ಇನ್ನೂರೈವತ್ತನ್ನು ಮುಟ್ಟಿರಲಿಲ್ಲ. ನಿವಾಸಿಗಳಲ್ಲಿ ಹೆಚ್ಚಿನವರು ವುಂಟುಟ್ ಗ್ವಿಚಿನ್ ಜನಾಂಗದವರು. 'ಸರೋವರಗಳ ಜನ' ಎಂಬುದು ಆ ಹೆಸರಿನ ಅರ್ಥ.

ಇಂತಹ ಊರಿಗೆ ಹೋಗಬಯಸುವವನು ಮೊದಲು ಕೇಳಿಕೊಳ್ಳಬೇಕಾದುದು 'ಯಾವಾಗ' ಎಂಬ ಪ್ರಶ್ನೆಯನ್ನು. ಇದಕ್ಕೆ ಉತ್ತರ ಕೊಡುವುದು ಪಂಚಾಂಗವಲ್ಲ, ನದಿ. ಅಕ್ಟೋಬರದ ಹೊತ್ತಿಗೆ ನದಿ ಹೆಪ್ಪುಗಟ್ಟತೊಡಗುತ್ತದೆ. ಸಾಮಾನ್ಯವಾಗಿ ಮೇ ತಿಂಗಳಲ್ಲಿ ಮಂಜುಗಡ್ಡೆ ಒಡೆದು ಹರಿಯುತ್ತದೆ. ಗಟ್ಟಿಯಾದ ಮಂಜಿನ ಮೇಲೆ ಹಿಮವಾಹನಗಳು ಓಡುತ್ತವೆ, ತೆರೆದ ನೀರಿನಲ್ಲಿ ದೋಣಿಗಳು ಸಾಗುತ್ತವೆ. ಇವೆರಡರ ನಡುವಣ ಕೆಲವು ವಾರಗಳು ಮಾತ್ರ ನಡೆಯಲೂ ಆಗದ, ದೋಣಿಯೂ ಹೋಗದ ಕಾಲ. ಆ ವಾರಗಳಲ್ಲಿ ಬಂದ ಅತಿಥಿ ಊರನ್ನಷ್ಟೇ ನೋಡಿ ಮರಳಬೇಕಾದೀತು. ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲ; ಡಿಸೆಂಬರಿನ ಕೊನೆಯಲ್ಲಿ ಉದಯಿಸುವುದೇ ಇಲ್ಲ. ಚಳಿಗಾಲದಲ್ಲಿ ಉಷ್ಣಾಂಶ ಶೂನ್ಯಕ್ಕಿಂತ ನಲವತ್ತು ಡಿಗ್ರಿ ಕೆಳಗಿಳಿಯುವುದು ಅಪರೂಪವೇನಲ್ಲ.

ಪ್ರವಾಸಿಗಳು ಬೇಸಿಗೆಯನ್ನೇ ಹೊಗಳುತ್ತಾರೆ. ಆದರೆ ಊರಿನ ಜೀವಾಳವನ್ನು ಅರಿಯಬೇಕಾದರೆ ಶರತ್ಕಾಲವೇ ಮೇಲು. ಕ್ಯಾರಿಬೂ ಎಂಬ ಹಿಮಸಾರಂಗಗಳು ವಸಂತದಲ್ಲಿ ಕರು ಹಾಕಲು ಆರ್ಕ್ಟಿಕ್ ಕರಾವಳಿಗೆ ಹೋಗಿ, ಶರತ್ಕಾಲದಲ್ಲಿ ಈ ಪ್ರದೇಶದ ಮೂಲಕ ದಕ್ಷಿಣಕ್ಕೆ ಮರಳುತ್ತವೆ. 2017ರ ಎಣಿಕೆಯಂತೆ ಈ ಹಿಂಡಿನಲ್ಲಿ ಸುಮಾರು 2,18,000 ಪ್ರಾಣಿಗಳಿದ್ದವು. ಗ್ವಿಚಿನ್ ಜನರ ಊಟ, ಉಡುಪು, ಕಥೆಗಳೆಲ್ಲವೂ ಈ ಪ್ರಾಣಿಯನ್ನು ಅವಲಂಬಿಸಿ ಬಂದಿವೆ. ಆದುದರಿಂದ ಆ ದಿನಗಳಲ್ಲಿ ದೋಣಿ, ಇಂಧನ, ಜನ ಎಲ್ಲವೂ ಬೇಟೆಗೆ ಮೀಸಲು. ತನಗೊಬ್ಬ ಮಾರ್ಗದರ್ಶಿ ಬೇಕೆಂದು ಕೇಳುವವನು, ಒಂದು ಮನೆಯ ಚಳಿಗಾಲದ ಆಹಾರದಿಂದ ಒಬ್ಬ ಬೇಟೆಗಾರನನ್ನು ಎರವಲು ಕೇಳುತ್ತಿದ್ದೇನೆಂಬುದನ್ನು ಮರೆಯಬಾರದು.

ತಲುಪುವ ದಾರಿ ಆಕಾಶಮಾರ್ಗವೇ. ಪ್ರಾಂತದ ರಾಜಧಾನಿ ವೈಟ್‌ಹಾರ್ಸ್‌ನಿಂದ ಸುಮಾರು 800 ಕಿ.ಮೀ. ಹಾರಬೇಕು; ವಿಮಾನ ಸಂಸ್ಥೆಯಾದ ಏರ್ ನಾರ್ತ್‌ನಲ್ಲಿ ಈ ಸಮುದಾಯವೂ ಪಾಲುದಾರ. ಹಿಟ್ಟು, ಹಾಲು, ಡೀಸೆಲ್ ಎಲ್ಲವೂ ವಿಮಾನದಲ್ಲೇ ಬರಬೇಕಾದ್ದರಿಂದ ಬೆಲೆಗಳು ಬಹಳ ಹೆಚ್ಚು. ವಿದ್ಯುತ್ತಿಗಾಗಿ ಸುಡುವ ಡೀಸೆಲನ್ನು ಮಿತಗೊಳಿಸಲೆಂದು 2021ರಲ್ಲಿ ಇಲ್ಲಿ ಸೌರವಿದ್ಯುತ್ ಸ್ಥಾವರವನ್ನು ಆರಂಭಿಸಲಾಯಿತು. ಅತಿಥಿಯಾದವನು ವಸತಿಯನ್ನು ಮೊದಲೇ ಗೊತ್ತುಮಾಡಿಕೊಂಡು, ತನ್ನ ಆಹಾರವನ್ನು ಆದಷ್ಟು ತಾನೇ ಒಯ್ಯುವುದು ಉಚಿತ. ಮದ್ಯವನ್ನು ಮಾತ್ರ ಒಯ್ಯಕೂಡದು. ಊರಿನಲ್ಲಿ ಅದು ನಿಷಿದ್ಧ. ಉತ್ತರದ ವುಂಟುಟ್ ರಾಷ್ಟ್ರೀಯ ಉದ್ಯಾನದಲ್ಲಿ ರಸ್ತೆಯಾಗಲಿ ತಂಗುದಾಣವಾಗಲಿ ಇಲ್ಲ.

ಓದಿಕೊಂಡು ಹೋಗಲು ಸಾಮಗ್ರಿ ಉಂಟು. ಇದೇ ಊರಿನ ಈಡಿತ್ ಜೋಸಿ ಎಂಬ ಮಹಿಳೆ 1962ರಿಂದ 'ವೈಟ್‌ಹಾರ್ಸ್ ಸ್ಟಾರ್' ಪತ್ರಿಕೆಗೆ ಊರಿನ ವಾರ್ತೆಗಳನ್ನು ತಮ್ಮದೇ ಇಂಗ್ಲಿಷಿನಲ್ಲಿ ಬರೆದರು. ಸಂಪಾದಕರು ಆ ಭಾಷೆಯನ್ನು ತಿದ್ದದೆ ಅಚ್ಚುಮಾಡಿದುದು ಮೆಚ್ಚತಕ್ಕ ಸಂಗತಿ.

ನದಿಯ ವರ್ತನೆಯನ್ನು ತಲೆಮಾರುಗಳಿಂದ ಬಲ್ಲ ಹಿರಿಯರ ಲೆಕ್ಕವೂ ಈಗ ತಪ್ಪುತ್ತಿದೆ. ಮಂಜು ತಡವಾಗಿ ಕಟ್ಟುತ್ತದೆ, ಬೇಗನೆ ಒಡೆಯುತ್ತದೆ. ನೆಲದಡಿಯ ಹೆಪ್ಪು ಕರಗಿ ದಡಗಳು ಕುಸಿಯುತ್ತವೆ. ಈ ಕಾರಣದಿಂದಲೇ ವುಂಟುಟ್ ಗ್ವಿಚಿನ್ ಸಮುದಾಯವು 2019ರಲ್ಲಿ ಹವಾಮಾನ ತುರ್ತುಸ್ಥಿತಿಯನ್ನು ಘೋಷಿಸಿತು. ಹೊರಡುವ ಮುನ್ನ ಸಮುದಾಯದ ಕಚೇರಿಗೆ ಬರೆದು ನದಿಯ ಸ್ಥಿತಿಯನ್ನು ಕೇಳಬೇಕು. 'ಈಗ ಬೇಡ' ಎಂಬ ಉತ್ತರ ಬಂದರೆ ದಿನಾಂಕವನ್ನು ಬದಲಿಸಬೇಕು. ಹವೆ ಕೆಟ್ಟರೆ ವಿಮಾನ ಇಳಿಯಲಾರದಾದ್ದರಿಂದ, ಮರಳುವ ದಿನದ ಮುಂದೆಯೂ ಮೂರು ನಾಲ್ಕು ದಿನಗಳನ್ನು ಬಿಡುವಾಗಿ ಇಟ್ಟುಕೊಂಡಿರುವುದು ಅಗತ್ಯ.