ಹೆಂಡತಿಯ ವೀಸಾದಲ್ಲಿ ನಾನು

ನಾನೀಗ ದುಬೈಯಲ್ಲಿ ಹೆಂಡತಿಯ ಸ್ಪಾನ್ಸರ್‌ಶಿಪ್ಪಿನಲ್ಲಿದ್ದೇನೆ. ಇದನ್ನು ಹೇಳಲು ನನಗೆ ಯಾವ ನಾಚಿಕೆಯೂ ಇಲ್ಲ. ನಾಚಿಕೆಯಾದದ್ದು ಊರಿನಲ್ಲಿರುವ ನನ್ನ ಅಣ್ಣನಿಗೆ. ಅದರಿಂದ ನಾವು ಪಟ್ಟ ಪಾಡು ಬೇರೆಯವರಿಗೆ ಬಾರದಿರಲಿ ಎಂದು ಬರೆಯುತ್ತಿದ್ದೇನೆ. ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಬಂದು ಇಲ್ಲಿ ನಿವೃತ್ತಿಯ ಹತ್ತಿರ ಇರುವವರು ನನಗೇ ಎಷ್ಟೋ ಮಂದಿ ಗೊತ್ತು. ಅವರಲ್ಲಿ ಹೆಂಡತಿ ನರ್ಸೋ ಟೀಚರೋ ಆಗಿದ್ದರೆ, ಗಂಡನ ಕೆಲಸ ಮುಗಿದ ಮೇಲೂ ಅವಳ ಕೆಲಸ ಇನ್ನಷ್ಟು ವರ್ಷ ಇರುತ್ತದೆ.

60 ತುಂಬಿದಾಗ ಕಂಪನಿ ನನ್ನನ್ನು ಮುಂದುವರಿಸಲಿಲ್ಲ. ಗ್ರಾಚ್ಯುಟಿ ಕೊಟ್ಟು ವೀಸಾ ಕ್ಯಾನ್ಸಲ್ ಮಾಡಿದರು. ಆಮೇಲೆ ಉಳಿಯುವುದು ಗ್ರೇಸ್ ಅವಧಿ ಮಾತ್ರ. ಅದು ದಾಟಿದರೆ ದಿನಕ್ಕೆ 50 ದಿರ್ಹಂ ದಂಡ. 55 ದಾಟಿದವರಿಗೆ 5 ವರ್ಷದ ರಿಟೈರ್‌ಮೆಂಟ್ ವೀಸಾ ಉಂಟು. ಆದರೆ 10 ಲಕ್ಷ ದಿರ್ಹಂ ಉಳಿತಾಯವನ್ನೋ ಆಸ್ತಿಯನ್ನೋ, ಇಲ್ಲವಾದರೆ ತಿಂಗಳ ದೊಡ್ಡ ವರಮಾನವನ್ನೋ ತೋರಿಸಬೇಕು. ಸ್ಟೋರ್‌ಕೀಪರ್ ಆಗಿದ್ದವನ ಕೈಗೆ ಅದು ಎಟುಕುವುದಿಲ್ಲ. ಉಳಿದ ದಾರಿ ಹೆಂಡತಿಯ ಸ್ಪಾನ್ಸರ್‌ಶಿಪ್ ಒಂದೇ. 2019ರಲ್ಲಿ ಯುಎಇ ಸರ್ಕಾರ ಕುಟುಂಬದವರನ್ನು ಸ್ಪಾನ್ಸರ್ ಮಾಡಲು ಹುದ್ದೆಯ ಬದಲು ಸಂಬಳವನ್ನೇ ಅಳತೆಗೋಲು ಮಾಡಿತು: ತಿಂಗಳಿಗೆ 4,000 ದಿರ್ಹಂ, ಅಥವಾ 3,000 ಮತ್ತು ವಸತಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿಯ ಸಂಬಳ ಅದಕ್ಕಿಂತ ಎಷ್ಟೋ ಮೇಲಿತ್ತು. ಮನೆಯ ಎಜಾರಿ (ನೋಂದಾಯಿತ ಬಾಡಿಗೆ ಕರಾರು), ಸಂಬಳದ ಪತ್ರ, ಎಲ್ಲ ತಯಾರಿತ್ತು. ಬೇಕಾದದ್ದು ಮದುವೆ ಸರ್ಟಿಫಿಕೇಟ್ ಒಂದೇ.

ಅದು ಅಣ್ಣನ ಮನೆಯ ಕಪಾಟಿನಲ್ಲಿತ್ತು. ಪುತ್ತೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದ್ದು. ನಿವೃತ್ತಿಗೆ ಮೊದಲೇ ಫೋನ್ ಮಾಡಿ, ಅದನ್ನೊಮ್ಮೆ ಸರ್ಕಾರಿ ಮುದ್ರೆಗಳನ್ನು ಹಾಕಿಸಿಕೊಡುವ ಏಜೆಂಟನ ಕೈಗೆ ಕೊಡು ಎಂದು ಕೇಳಿಕೊಂಡೆ.

"ಈಗ ಅಡಿಕೆಗೆ ಮದ್ದು ಬಿಡ್ಲಿಕ್ಕೆ ಉಂಟು, ಪುರುಸೊತ್ತಿಲ್ಲ" ಎಂದ. ಮುಂದಿನ ವಾರವೂ ಅದೇ. ಮತ್ತೊಂದು ಸಲ ಕೇಳಿದಾಗ ನಿಜ ಹೊರಗೆ ಬಂತು: "ಇಷ್ಟು ವರ್ಷ ದುಡಿದದ್ದು ಸಾಕಾಗ್ಲಿಲ್ವಾ ನಿಂಗೆ? ಇನ್ನು ಹೆಂಡತಿಯ ಲೆಕ್ಕದಲ್ಲಿ ಕೂತ್ಕೊಳ್ಳುವುದಾ? ಬಂದು ತೋಟ ನೋಡು."

ಅವನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಸುಳ್ಯದ ಕಡೆ ಹಳದಿ ರೋಗ ತೋಟಗಳನ್ನೇ ತಿಂದಿದೆ, ಈಗ ಎಲೆಚುಕ್ಕಿಯೂ ಬಂದಿದೆ, ಕೆಲಸಕ್ಕೆ ಜನ ಸಿಗುವುದಿಲ್ಲ. ಆದರೆ ಆ ಕಾಗದ ನನ್ನದು, ಅವಳದು. ಅದನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಅವನಿಗಿರಲಿಲ್ಲ. ಕೊನೆಗೆ ಅಕ್ಕನ ಮಗ ಹೋಗಿ ಕಪಾಟಿನಿಂದ ತೆಗೆದು ಏಜೆಂಟನಿಗೆ ಮುಟ್ಟಿಸಿದ. ಅಷ್ಟರಲ್ಲಿ ನನ್ನ ವೀಸಾ ಕ್ಯಾನ್ಸಲ್ ಆಗಿಯಾಗಿತ್ತು.

ಕಾಗದ ಕೊರಿಯರಿನಲ್ಲಿ ಬಂದ ದಿನ ನಮಗೆ ಹಬ್ಬ. ಹೆಂಡತಿ ನೈಟ್ ಡ್ಯೂಟಿ ಮುಗಿಸಿ ಬಂದವಳು ಮಲಗದೆ ನನ್ನ ಜೊತೆ ಟೈಪಿಂಗ್ ಸೆಂಟರಿಗೆ ಹೊರಟಳು. ಕೌಂಟರಿನಲ್ಲಿ ಇದ್ದದ್ದು ಕಾಸರಗೋಡಿನ ಕಡೆಯ ಹುಡುಗ. ಮುಂಬದಿ ನೋಡಿದ, ತಲೆಯಾಡಿಸಿದ. ಕಾಗದ ಮಗುಚಿ ಹಿಂಬದಿಯ ಸ್ಟಿಕ್ಕರ್ ನೋಡಿದವನು ಹಾಗೆಯೇ ನಿಂತ. "ಚೇಟ್ಟಾ, ಇದು ಅಪಾಸ್ಟಿಲ್. ಇಲ್ಲಿಗೆ ಆಗುವುದಿಲ್ಲ" ಎಂದ. ನನಗೆ ಅರ್ಥವಾಗಲಿಲ್ಲ. ಡೆಲ್ಲಿಯ ಮುದ್ರೆ ಇದೆಯಲ್ಲ ಎಂದೆ. ಅವನು ಪಾಪ ತಾಳ್ಮೆಯಿಂದ ಹೇಳಿದ: ಅಪಾಸ್ಟಿಲ್ ನಡೆಯುವುದು ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಮಾತ್ರ. ಭಾರತ 2005ರಲ್ಲಿ ಸೇರಿದ ಆ ಒಪ್ಪಂದದಲ್ಲಿ ಯುಎಇ ಇಲ್ಲ. ಇಲ್ಲಿಗೆ ರಾಜ್ಯ ಸರ್ಕಾರದ ಮುದ್ರೆ, ವಿದೇಶಾಂಗ ಸಚಿವಾಲಯದ ಮುದ್ರೆ, ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿಯ ಮುದ್ರೆ ಬೇಕು.

ಏಜೆಂಟನಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. "ಸರ್, ಮಸ್ಕತ್ತಿಗೆ ಕಳಿಸಿದ್ದೆಲ್ಲ ಹೀಗೇ ಆಗಿದೆ" ಎಂದ. ಒಮಾನ್ ಆ ಒಪ್ಪಂದದಲ್ಲಿದೆ, ಅವರಿಗೆ ಸಾಕು. ದುಬೈಗೆಂದು ಫಾರ್ಮಿನಲ್ಲಿ ಬರೆದದ್ದನ್ನು ಅವನು ಓದಿಯೇ ಇರಲಿಲ್ಲ. ದುಡ್ಡು ಮಾತ್ರ ಪೂರ್ತಿ ಎಣಿಸಿಕೊಂಡಿದ್ದ. ನನ್ನ ಹೆಂಡತಿ ಕುರ್ಚಿಯಲ್ಲಿ ಕುಳಿತು ಆ ಕಾಗದವನ್ನೇ ನೋಡುತ್ತಿದ್ದಳು. "ಮೂವತ್ತು ವರ್ಷ ಜೊತೆಗಿದ್ದದ್ದಕ್ಕೆ ನಾನು ಎಷ್ಟು ಮುದ್ರೆ ತರ್ಬೇಕು?" ಎಂದು ಕೇಳಿದಳು. ಆಸ್ಪತ್ರೆಯಲ್ಲಿ ಸಾವನ್ನೇ ಕಣ್ಣಾರೆ ಕಂಡವಳು, ಅಲ್ಲಿ ಎಲ್ಲರ ಎದುರು ಅತ್ತಳು. ಅವಳನ್ನು ಬಿಟ್ಟು ಊರಿಗೆ ಹೋಗಬೇಕಾಗುತ್ತದೆಂಬುದು ನನಗೆ ನಿಜವೆನಿಸಿದ್ದು ಆಗಲೇ. ಊರಿಗೆ ಹೋಗಿ ಹೊಸ ಎಂಟ್ರಿ ಪರ್ಮಿಟ್‌ನಲ್ಲಿ ಮರಳಬಹುದು, ಸರಿ. ಅದಕ್ಕೂ ಇದೇ ಕಾಗದ ಬೇಕು.

ಮತ್ತೆ ಓಡಿದವನು ಅಕ್ಕನ ಮಗನೇ. ಪುತ್ತೂರಿನಿಂದ ಹೊಸ ದೃಢೀಕೃತ ಪ್ರತಿ ತೆಗೆಸಿ, ಏಜೆಂಟನನ್ನು ಬಿಟ್ಟು, ತಾನೇ ಬೆಂಗಳೂರಿಗೆ ಹೋದ. ಗ್ರೇಸ್ ಅವಧಿಯ ಕೊನೆಯ ವಾರದಲ್ಲಿ ಎಲ್ಲ ಮುದ್ರೆಯೂ ಬಿದ್ದು ಕಾಗದ ಬಂತು. ಇಲ್ಲಿಯ ವಿದೇಶಾಂಗ ಇಲಾಖೆಯ ಮುದ್ರೆ, ಅರಬಿ ಅನುವಾದ, ದೇಶದೊಳಗಿದ್ದೇ ವೀಸಾ ಬದಲಿಸುವ ಸ್ಟೇಟಸ್ ಚೇಂಜ್, ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಬೆರಳಚ್ಚು: ಆಮೇಲಿನದೆಲ್ಲ ಸಲೀಸಾಗಿ ಆಯಿತು. ಹಿಂದೆ ಹೀಗೆ ವೀಸಾ ಬದಲಿಸಲು ಜನ ಇರಾನಿನ ಕಿಶ್ ದ್ವೀಪಕ್ಕೆ ಹೋಗಿ ಕಾಯುತ್ತಿದ್ದರು. ನಾನು ದೇಶ ಬಿಟ್ಟು ಕದಲಬೇಕಾಗಲಿಲ್ಲ. ಪರವಾನಗಿಯಲ್ಲಿ ಸ್ಪಾನ್ಸರ್ ಎಂಬಲ್ಲಿ ಅವಳ ಹೆಸರು ಅಚ್ಚಾಗಿತ್ತು. ಅದರ ಫೋಟೋ ತೆಗೆದು ಅಣ್ಣನಿಗೇ ಮೊದಲು ಕಳಿಸಿದೆ. ಅವಳು ಮದುವೆಯಾಗಿ ಬಂದ ಕಾಲದಲ್ಲಿ ವರ್ಷಗಟ್ಟಲೆ ನನ್ನ ವೀಸಾದಲ್ಲಿದ್ದಳು, ಆಗ ಯಾರೂ ಏನೂ ಅಂದಿರಲಿಲ್ಲ.

ನಿವೃತ್ತಿಗೆ ಒಂದು ವರ್ಷ ಇರುವಾಗಲೇ ಸರ್ಟಿಫಿಕೇಟ್ ಕೈಗೆ ತೆಗೆದುಕೊಳ್ಳಿ. ಮದುವೆ ದೇವಸ್ಥಾನದಲ್ಲೋ ಹಾಲ್‌ನಲ್ಲೋ ಆಗಿ ರಿಜಿಸ್ಟ್ರಿ ಆಗದಿದ್ದರೆ ಈ ರಜೆಯಲ್ಲೇ ಮಾಡಿಸಿ. ಆಮಂತ್ರಣ ಪತ್ರಿಕೆ, ಫೋಟೋ, ಸಾಕ್ಷಿಗಳು ಬೇಕಾಗುತ್ತವೆ. ನಮ್ಮ ಕಡೆಯವರ ಹೆಸರಿನ ಮುಂದಿನ ಇನಿಶಿಯಲ್ ಪಾಸ್‌ಪೋರ್ಟಿನಲ್ಲಿ ಬಿಡಿಸಿ ಊರಿನ ಹೆಸರಾಗಿ ಕೊನೆಗೆ ಹೋಗಿರುತ್ತದೆ, ಪಾಸ್‌ಪೋರ್ಟ್, ಸರ್ಟಿಫಿಕೇಟ್ ಎರಡರಲ್ಲೂ ಹೆಸರು ಹೊಂದುತ್ತದೆಯೇ ನೋಡಿ. ಕಡಬ ತಾಲೂಕು ಆದ ಮೇಲೆ ಹಳೆಯ ಕಾಗದದಲ್ಲಿ ಪುತ್ತೂರು ಅಥವಾ ಸುಳ್ಯ, ಹೊಸದರಲ್ಲಿ ಕಡಬ ಎಂದಿರುವವರು ಅಕ್ಕಪಕ್ಕ ಇಟ್ಟು ಓದಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಗಂಡ ಅಥವಾ ಹೆಂಡತಿಯ ಹೆಸರು ಸೇರಿಸಿಟ್ಟರೆ ಒಳ್ಳೆಯದು. ಏಜೆಂಟನಿಗೆ ಕೊಡುವಾಗ ಯಾವ ದೇಶಕ್ಕೆ ಎಂದು ಬರವಣಿಗೆಯಲ್ಲಿ ಕೊಟ್ಟು, ರಾಯಭಾರ ಕಚೇರಿಯ ಮುದ್ರೆ ಎಂಬ ಮಾತನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ದೃಢೀಕೃತ ಪ್ರತಿ ಎರಡು ತೆಗೆಸಿ. ಒಂದು ನಿಮ್ಮ ಹತ್ತಿರವೇ ಇರಲಿ, ಊರಿನ ಕಪಾಟಿನಲ್ಲಿ ಬೇಡ.