ಹಳೆ ಗಾಡಿಗೆ ಹೊಸ ಬ್ರೇಕ್: ತಿಂಗಳಿಗೆ ನೂರು ರೂಪಾಯಿಯ ಲೆಕ್ಕ

ಮಾರಿದರೆ 1,60,000 ರೂಪಾಯಿ ಕೊಡಿಸುತ್ತೇನೆ ಎಂದು ಹುಬ್ಬಳ್ಳಿಯ ದಲ್ಲಾಳಿಯೊಬ್ಬರು ಹೇಳಿದ ಗಾಡಿಗೆ ನಾನು ಬ್ರೇಕ್ ಒಂದಕ್ಕೇ 33,600 ರೂಪಾಯಿ ಹಾಕಿದೆ. ಗಾಡಿಯ ಬೆಲೆಯ ಐದನೇ ಒಂದು ಪಾಲಿಗಿಂತ ಹೆಚ್ಚಾಯಿತು. ತಮ್ಮನಿಗೆ ಇದು ಸರಿ ಬರಲಿಲ್ಲ. "ಅಣ್ಣಾ, ಗುಜರಿಗೆ ಹೋಗೋ ಗಾಡಿಗೆ ಇಷ್ಟ್ಯಾಕ ರೊಕ್ಕ ಹಾಕ್ತಿ?" ಎಂದು ಕೇಳಿದ. ಶಿರಹಟ್ಟಿಯಲ್ಲಿ ನನ್ನ ಪರಿಚಯದವರೆಲ್ಲ ಹೆಚ್ಚುಕಡಿಮೆ ಇದನ್ನೇ ಕೇಳಿದರು. ಬ್ರೇಕಿನ ಖರ್ಚನ್ನು ಗಾಡಿ ಮಾರಿದರೆ ಬರುವ ಬೆಲೆಗೆ ಹೋಲಿಸುವುದೇ ತಪ್ಪು ಎಂಬುದು ನನ್ನ ವಾದ. ಹೋಲಿಸಬೇಕಾದದ್ದು ಆ ಗಾಡಿ ಇನ್ನು ಓಡಬೇಕಾದ ಕಿಲೋಮೀಟರುಗಳಿಗೆ.

ಗಾಡಿ 2006ರ ಟೆಂಪೊ ಟ್ರಾವೆಲರ್. ಬಜಾಜ್ ಟೆಂಪೊ ಕಂಪನಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡದ್ದು 2005ರಲ್ಲಿ, ಇದು ಅದರ ಮರುವರ್ಷದ್ದು. ಹಿಂದಿನ ಸೀಟುಗಳನ್ನು ತೆಗೆಸಿ ಎರಡು ಮಲಗುವ ಬರ್ತ್, ಒಂದು ಗ್ಯಾಸ್ ಒಲೆಯ ಕಟ್ಟೆ, ನೂರು ಲೀಟರಿನ ನೀರಿನ ಟ್ಯಾಂಕ್ ಕೂರಿಸಿದ್ದೇವೆ. ಮೋಟರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಿಯೂ ಆಗಿದೆ. ಅವ್ವನ ಮೊಣಕಾಲು ಲಾಡ್ಜಿನ ಮೆಟ್ಟಿಲು ಏರುವುದಿಲ್ಲ, ಬಯಲಿನಲ್ಲಿ ಶೌಚಕ್ಕೆ ಕೂರಲೂ ಆಗುವುದಿಲ್ಲ. ಆದರೆ ದೇವರಿಗೆ ಹೋಗಬೇಕೆಂಬ ಆಸೆ ಮಾತ್ರ ಕಡಿಮೆಯಾಗಿಲ್ಲ. ಸವದತ್ತಿ ಗುಡ್ಡ, ಪಂಢರಪುರ, ಶ್ರೀಶೈಲ, ಗೋಕರ್ಣ ಅಂತ ವರ್ಷಕ್ಕೆ ಸುಮಾರು 9,000 ಕಿಲೋಮೀಟರ್ ಆಗುತ್ತದೆ. ಇದೇ ಅಂಕಿ ಮುಂದೆ ಲೆಕ್ಕಕ್ಕೆ ಬರುತ್ತದೆ, ನೆನಪಿಡಿ.

ಗೋಕರ್ಣಕ್ಕೆ ಹೊರಟಾಗ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ಪೆಡಲ್ ಮೆತ್ತಗಾಯಿತು. ಎರಡನೇ ಗೇರಿನಲ್ಲಿ ನಿಧಾನಕ್ಕೆ ಇಳಿಸಿದೆ, ಏನೂ ಆಗಲಿಲ್ಲ. ಊರಿಗೆ ಬಂದು ಮೇಸ್ತ್ರಿಯಿಂದ ಬಿಚ್ಚಿಸಿ ನೋಡಿದರೆ ಹಿಂದಿನ ಎರಡೂ ವೀಲ್ ಸಿಲಿಂಡರ್ ಸೋರುತ್ತಿದ್ದವು, ಲೈನರ್ ಆಯಿಲಿನಲ್ಲಿ ನೆನೆದಿತ್ತು, ಮಾಸ್ಟರ್ ಸಿಲಿಂಡರಿನ ಒಳಮೈಯಲ್ಲಿ ಗೀರು ಬಿದ್ದಿತ್ತು, ಬೂಸ್ಟರಿನ ಡಯಾಫ್ರಾಮ್ ಗಾಳಿ ಬಿಡುತ್ತಿತ್ತು. ಹತ್ತೊಂಬತ್ತು ವರ್ಷದ ರಬ್ಬರಿಗೆ ಇದು ಸಹಜ. ಮೇಸ್ತ್ರಿಯ ಮೊದಲ ಸಲಹೆ, "ಕಿಟ್ ಹಾಕಿ, ಲೈನರ್ ಹಚ್ಚಿಸಿ ಕೊಡ್ತೀನ್ರಿ ಸರ್. ಹತ್ತು ಸಾವಿರದಾಗ ಮುಗೀತೈತಿ."

ಕಿಟ್ ಎಂದರೆ ಸಿಲಿಂಡರ್ ಹಳೆಯದೇ ಇಟ್ಟು ಒಳಗಿನ ರಬ್ಬರ್ ಮಾತ್ರ ಬದಲಿಸುವುದು. ನಾನು ಒಪ್ಪಲಿಲ್ಲ. ಹೊಸ ಮಾಸ್ಟರ್ ಸಿಲಿಂಡರ್, ಹೊಸ ಬೂಸ್ಟರ್, ಹೊಸ ವೀಲ್ ಸಿಲಿಂಡರ್, ಹೊಸ ಶೂ ಬೇಕೆಂದು ಹುಡುಕಲು ಹೊರಟೆ. ಗದಗ-ಬೆಟಗೇರಿಯ ಅಂಗಡಿಗಳಲ್ಲಿ ಟ್ರ್ಯಾಕ್ಸ್ ಕ್ರೂಸರ್ ಗಾಡಿಯದು ಎಷ್ಟು ಬೇಕಾದರೂ ಸಿಗುತ್ತದೆ. ನಮ್ಮ ಭಾಗದಲ್ಲಿ ಓಡುವುದೇ ಅದು. ಹಳೆ ಟ್ರಾವೆಲರ್ ಎಂದ ಕೂಡಲೇ ತಲೆ ಅಡ್ಡ ಆಡಿಸುತ್ತಾರೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೂ ಮೊದಲು ಅದೇ ಉತ್ತರ: "ಆ ಮಾಡೆಲ್ ಬಂದ್ ಆಗೈತ್ರಿ."

ಹಳೆ ಗಾಡಿ ಇಟ್ಟುಕೊಂಡವರು ತಿಳಿಯಬೇಕಾದ ಮುಖ್ಯ ವಿಷಯ ಇಲ್ಲಿದೆ. ಬಿಡಿಭಾಗದ ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಿ ಕೇಳಿದರೆ "ಇಲ್ಲ" ಎಂಬ ಉತ್ತರ ಬರುತ್ತದೆ, ಪಾರ್ಟ್ ನಂಬರ್ ಹೇಳಿ ಕೇಳಿದರೆ ಅವರು ಒಳಗೆ ಹೋಗಿ ಹುಡುಕುತ್ತಾರೆ. ಮಾಡೆಲ್ ನಿಂತರೂ ಅದರ ಭಾಗ ನಿಲ್ಲಬೇಕೆಂದಿಲ್ಲ. ಒಂದೇ ವೀಲ್ ಸಿಲಿಂಡರ್ ಬೇರೆ ಗಾಡಿಯಲ್ಲೂ ಬಳಕೆಯಲ್ಲಿರುತ್ತದೆ, ಇಲ್ಲವೇ ಹಳೆ ನಂಬರಿನ ಜಾಗಕ್ಕೆ ಹೊಸ ನಂಬರ್ ಬಂದಿರುತ್ತದೆ. ಅದು ಪಾರ್ಟ್ಸ್ ಕ್ಯಾಟಲಾಗಿನಲ್ಲಿ ನಮೂದಾಗಿರುತ್ತದೆ. ನನ್ನ ವಿಷಯದಲ್ಲಿ ಕಂಪನಿಯ ಹೆಸರು ಬದಲಾದದ್ದೂ ಒಂದು ತೊಡಕು: ಹಳೆ ಪೆಟ್ಟಿಗೆಗಳ ಮೇಲೆ ಬಜಾಜ್ ಟೆಂಪೊ ಎಂದೇ ಇತ್ತು, ಅಂಗಡಿಯ ಹುಡುಗರಿಗೆ ಗೊತ್ತಿದ್ದದ್ದು ಫೋರ್ಸ್ ಮಾತ್ರ. ಆದ್ದರಿಂದ ಚಾಸಿ ನಂಬರಿನ ಫೋಟೊ ತೆಗೆದುಕೊಂಡೆ, ಬಿಚ್ಚಿದ ಸಿಲಿಂಡರಿನ ಮೈಮೇಲೆ ಎರಕದಲ್ಲೇ ಮೂಡಿದ್ದ ನಂಬರನ್ನು ವೈರ್ ಬ್ರಷ್‌ನಿಂದ ಉಜ್ಜಿ ಓದಿದೆ, ಅದರ ಒಳವ್ಯಾಸವನ್ನು, ಅಂದರೆ ಬೋರನ್ನು, ವರ್ನಿಯರ್‌ನಿಂದ ಅಳೆಸಿದೆ. ಬೋರ್ ಒಂದೆರಡು ಮಿಲಿಮೀಟರ್ ಬೇರೆಯಾದರೂ ಹೊರನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ, ಬೋಲ್ಟ್ ಕೂಡ ಕೂರುತ್ತದೆ. ಆದರೆ ಹಿಂದಿನ ಚಕ್ರಕ್ಕೆ ಬೀಳುವ ಬ್ರೇಕಿನ ಬಲದ ಪ್ರಮಾಣವೇ ತಪ್ಪಿಹೋಗುತ್ತದೆ. ನೂರು ಲೀಟರ್ ನೀರು, ಬರ್ತ್, ಸಾಮಾನು, ಆರು ಜನ ಹೊತ್ತ ಗಾಡಿಯಲ್ಲಿ ಇದನ್ನು ಅಂದಾಜಿಗೆ ಬಿಡಲಾಗದು.

ನಂಬರ್ ಕೈಗೆ ಬಂದ ಮೇಲೆ ಅದೇ ಗೋಕುಲ ರಸ್ತೆಯಲ್ಲಿ ಶೂ ಮತ್ತು ಮಾಸ್ಟರ್ ಸಿಲಿಂಡರ್ ಸಿಕ್ಕಿತು. ಬೂಸ್ಟರ್ ಮತ್ತು ವೀಲ್ ಸಿಲಿಂಡರುಗಳು ಪುಣೆಯ ನಾನಾ ಪೇಟೆಯಿಂದ ಲಾರಿ ಪಾರ್ಸೆಲ್‌ನಲ್ಲಿ ಬಂದವು. ನಮ್ಮ ಗದಗಿಗೆ ಪಾರ್ಸೆಲ್ ತರಿಸಿಕೊಳ್ಳುವುದು ಹೊಸದಲ್ಲ. 1976ರಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಸಾಗಣೆ ವ್ಯವಹಾರ ಶುರು ಮಾಡಿದ ಊರು ಇದು. ಪುಣೆಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇತ್ತು.

ಈಗ ಲೆಕ್ಕ. ಮಾಸ್ಟರ್ ಸಿಲಿಂಡರ್ 5,400, ಬೂಸ್ಟರ್ 8,600, ವೀಲ್ ಸಿಲಿಂಡರ್ ಎರಡಕ್ಕೆ 3,800, ಲೈನರ್ ಸಹಿತ ಶೂ ಸೆಟ್ 4,600, ಹೋಸ್ ಪೈಪುಗಳು 1,700, ಲೇತಿನಲ್ಲಿ ಡ್ರಮ್ ಕಡೆಸಲು 1,200, ಬ್ರೇಕ್ ಆಯಿಲ್ 900, ಮೇಸ್ತ್ರಿ ಕೂಲಿ 4,800. ಒಟ್ಟು 31,000. ಓಡಾಟ, ಪಾರ್ಸೆಲ್ ಸೇರಿ 2,600. ಕೂಡಿಸಿದರೆ 33,600.

ಮೇಸ್ತ್ರಿ ಹೇಳಿದ ದಾರಿ: ರಬ್ಬರ್ ಕಿಟ್‌ಗಳು 1,150, ಹಳೆ ಶೂಗೆ ಲೈನರ್ ಹಚ್ಚಲು 1,400, ಬೂಸ್ಟರ್ ರಿಪೇರಿ 2,800, ಆಯಿಲ್ 450, ಕೂಲಿ ಅದೇ 4,800. ಒಟ್ಟು 10,600. ಎರಡರ ನಡುವಿನ ಅಂತರ 23,000. ಎಲ್ಲರೂ ಇಲ್ಲಿಗೆ ಬಂದು ನಿಲ್ಲುತ್ತಾರೆ, ತಮ್ಮನೂ ಇಲ್ಲೇ ನಿಂತ. ಲೆಕ್ಕ ಶುರುವಾಗುವುದು ಇಲ್ಲಿಂದ.

ಗೀರು ಬಿದ್ದ ಸಿಲಿಂಡರಿಗೆ ಕಿಟ್ ಹಾಕಿದರೆ ಎಷ್ಟು ದಿನ ಬರುತ್ತದೆ ಎಂದು ಮೇಸ್ತ್ರಿಯನ್ನೇ ಕೇಳಿದೆ. "ವರ್ಷ, ಬಾಳ ಅಂದ್ರ ಒಂದೂವರೆ ವರ್ಷ ನೋಡ್ರಿ" ಎಂದರು. ಅವರ ಮಾತಿಗೆ ಪೂರ್ತಿ ಬೆಲೆ ಕೊಟ್ಟು ಒಂದೂವರೆ ವರ್ಷವೇ ಹಿಡಿಯೋಣ. ಹಾಗಾದರೆ ಐದು ವರ್ಷದಲ್ಲಿ ನಾಲ್ಕು ಸಲ ಮಾಡಿಸಬೇಕು: ಈಗ, ಒಂದೂವರೆ ವರ್ಷಕ್ಕೆ, ಮೂರಕ್ಕೆ, ನಾಲ್ಕೂವರೆಗೆ. 10,600ರಂತೆ 42,400. ನಾಲ್ಕನೆಯ ಸಲದ್ದರಲ್ಲಿ ಒಂದು ವರ್ಷದ ಆಯುಷ್ಯ ಇನ್ನೂ ಉಳಿದಿರುತ್ತದೆ, ಅದರ ಪಾಲು ಸುಮಾರು 7,070 ಕಳೆಯಬೇಕು. ಉಳಿದದ್ದು 35,330. ಹೊಸ ಭಾಗಗಳು ಐದು ವರ್ಷ ಬರುತ್ತವೆ, ನಡುವೆ ಎರಡು ಸಲ ಆಯಿಲ್ ಬದಲಿಸಬೇಕು, ಸಲಕ್ಕೆ 1,500ರಂತೆ 3,000. ಅಲ್ಲಿಗೆ 36,600. ಐದು ವರ್ಷಕ್ಕೆ 45,000 ಕಿಲೋಮೀಟರ್. ಹೊಸದಕ್ಕೆ ಕಿಲೋಮೀಟರಿಗೆ 81 ಪೈಸೆ, ಕಿಟ್‌ಗೆ 78 ಪೈಸೆ ಚಿಲ್ಲರೆ. 23,000 ಎಂದು ಕಂಡ ಅಂತರ ಐದು ವರ್ಷದಲ್ಲಿ 1,270 ರೂಪಾಯಿಗೆ ಇಳಿಯಿತು.

ಬಡ್ಡಿಯನ್ನು ಮರೆತಿಲ್ಲ. ಕೈಯಲ್ಲುಳಿದ 23,000ವನ್ನು ಶೇ 7ರ ಎಫ್‌ಡಿಯಲ್ಲಿಟ್ಟು, ಒಂದೂವರೆ ವರ್ಷಕ್ಕೊಮ್ಮೆ ಅದರಿಂದಲೇ 10,600 ತೆಗೆಯುತ್ತ ಹೋದರೆ ಬರುವ ಬಡ್ಡಿ ಮೊದಲ ಅವಧಿಗೆ 2,415, ಎರಡನೆಯದಕ್ಕೆ 1,556, ಮೂರನೆಯದಕ್ಕೆ 606. ಒಟ್ಟು ಸುಮಾರು 4,580. ಇದನ್ನೂ ಹೊಸ ಭಾಗದ ತಲೆಯ ಮೇಲೇ ಹೊರಿಸಿದರೆ ಐದು ವರ್ಷಕ್ಕೆ ನಾನು ಹೆಚ್ಚಿಗೆ ಕೊಟ್ಟದ್ದು 5,850. ತಿಂಗಳಿಗೆ ನೂರು ರೂಪಾಯಿಗೂ ಎರಡು ಕಡಿಮೆ. ಎಲ್ಲಾದರೂ ದಾರಿಯಲ್ಲಿ ಗಾಡಿ ನಿಂತು ಒಂದೇ ಒಂದು ಸಲ ಎಳೆಸಿಕೊಂಡು ಬರುವ ಪ್ರಸಂಗ ಬಂದರೆ ಈ ಹಣ ಅಲ್ಲೇ ಮುಗಿಯುತ್ತದೆ. ಸವೆದು ಹಾಳಾದ ಭಾಗಕ್ಕೆ ವಿಮೆ ಪೈಸೆ ಕೊಡುವುದಿಲ್ಲ ಎಂಬುದೂ ತಿಳಿದಿರಲಿ. ಅವ್ವ ಹಿಂದಿನ ಬರ್ತಿನಲ್ಲಿ ಮಲಗಿರುವ ಗಾಡಿಯನ್ನು ಘಾಟಿನಲ್ಲಿ ಇಳಿಸಲು ತಿಂಗಳಿಗೆ ನೂರು ರೂಪಾಯಿ ದುಬಾರಿ ಎಂದು ನನಗೆ ಯಾರೂ ಒಪ್ಪಿಸಲಾರರು.

ಆ ರಬ್ಬರ್ ಕಿಟ್‌ಗಳ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ಬ್ರೇಕ್ಸ್ ಇಂಡಿಯಾ 1962ರಿಂದ ಚೆನ್ನೈನಲ್ಲಿ ಕೆಲಸ ಮಾಡುತ್ತಿರುವ ಕಂಪನಿ, ರಾಣೆ ಬ್ರೇಕ್ ಲೈನಿಂಗ್ 1964ರಲ್ಲಿ ಅಲ್ಲೇ ಶುರುವಾದದ್ದು. ಅಂಥವರ ಮಾಲಿಗೆ ಪೆಟ್ಟಿಗೆಯ ಮೇಲೆ ಬ್ಯಾಚ್ ನಂಬರ್, ತಯಾರಿಸಿದ ತಿಂಗಳು, ಎಂಆರ್‌ಪಿ ಇರುತ್ತದೆ. ನನಗೆ ತೋರಿಸಿದ ಕಿಟ್‌ನಲ್ಲಿ ಬ್ಯಾಚ್ ನಂಬರೂ ಇರಲಿಲ್ಲ, ತಯಾರಿಸಿದ ತಿಂಗಳೂ ಇರಲಿಲ್ಲ. ಪ್ಲಾಸ್ಟಿಕ್ ಚೀಲ, ದೊಡ್ಡ ಹೆಸರನ್ನೇ ಹೋಲುವ ಒಂದಕ್ಷರ ತಪ್ಪಿದ ಹೆಸರು, ಎಂಆರ್‌ಪಿ ಚೀಟಿಯ ಮೇಲೆ ಇನ್ನೊಂದು ಚೀಟಿ. ರಬ್ಬರ್ ಯಾವುದು, ಎಷ್ಟು ವರ್ಷದ್ದು ಎಂದು ಯಾರಿಗೂ ಗೊತ್ತಿಲ್ಲ. ಅದರ ಮೇಲೆ, ಹಾಕುವ ಮೊದಲು ಡೀಸೆಲ್‌ನಲ್ಲೋ ಪೆಟ್ರೋಲ್‌ನಲ್ಲೋ ತೊಳೆಯುವ ರೂಢಿ ಹಲವು ಗ್ಯಾರೇಜುಗಳಲ್ಲಿದೆ. ಬ್ರೇಕ್ ಆಯಿಲಿಗೆಂದು ಮಾಡಿದ ರಬ್ಬರ್ ಕಪ್‌ಗೆ ಡೀಸೆಲ್ ತಾಗಿದರೆ ಅದು ಉಬ್ಬಿ ಹಾಳಾಗುತ್ತದೆ. ಒಳ್ಳೆಯ ಕಿಟ್ಟೂ ಹೀಗೆ ಕೆಡುತ್ತದೆ, ಕೆಟ್ಟ ಕಿಟ್ಟಿನ ಮಾತು ಬೇಡವೇ ಬೇಡ. ಜೀವ ಕಾಯುವ ಜಾಗದಲ್ಲಿ ಇಂಥ ಮಾಲು ಮಾರುವುದನ್ನು ನಾನು ವ್ಯಾಪಾರ ಎನ್ನಲಾರೆ.

ಬಿಲ್ ವಿಷಯವೂ ಇದಕ್ಕೆ ಸೇರಿದ್ದು. "ಬಿಲ್ ಬ್ಯಾಡ ಅಂದ್ರ ಹದಿನೆಂಟು ಪರ್ಸೆಂಟ್ ಉಳೀತೈತ್ರಿ" ಎಂಬ ಮಾತು ಎಲ್ಲ ಕಡೆ ಕೇಳಿದೆ. ವಾಹನ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. 128 ರೂಪಾಯಿಯ ಭಾಗ 118ಕ್ಕೆ ಸಿಗಬೇಕು. ಹಳೆ ಎಂಆರ್‌ಪಿಯಲ್ಲೇ ಮಾರಿದರೆ ಕೇಳಿ, ಕಡಿಮೆ ಮಾಡಿಸಿಕೊಳ್ಳಿ, ಆದರೆ ಬಿಲ್ ಮಾತ್ರ ಬಿಡಬೇಡಿ. ನನಗೆ ಮೊದಲು ಕೊಟ್ಟ ಒಂದು ವೀಲ್ ಸಿಲಿಂಡರಿನ ಬೋರ್ ಹೊಂದಲಿಲ್ಲ. ಬಿಲ್ ಇದ್ದದ್ದರಿಂದಲೇ ಅಂಗಡಿಯವರು ಮಾತಿಲ್ಲದೆ ಬದಲಿಸಿ ಕಳಿಸಿದರು.

ಗಾಡಿ ಮಾರಿಬಿಡಬಹುದಿತ್ತಲ್ಲ ಎನ್ನುವವರಿಗೆ ಎರಡೇ ಮಾತು. ಇಂಥ ಹೊಸ ಗಾಡಿ, ಒಳಗಿನ ಕೆಲಸ ಎಲ್ಲ ಸೇರಿದರೆ ಖರ್ಚು ಹಲವು ಲಕ್ಷ, ಅದಕ್ಕೆ ಸಾಲ, ಸಾಲಕ್ಕೆ ಕಂತು. ವರ್ಷಕ್ಕೆ 9,000 ಕಿಲೋಮೀಟರ್ ಓಡುವ ಮನೆಗೆ ಅದು ಹೊಂದುವ ಲೆಕ್ಕವಲ್ಲ. ಹಳೆಯದನ್ನು ಇಟ್ಟುಕೊಳ್ಳುವುದಕ್ಕೂ ಈಗ ಬೆಲೆ ಇದೆ, ನಿಜ. 15 ವರ್ಷ ದಾಟಿದ ಹಗುರ ವಾಹನದ ಆರ್‌ಸಿ ನವೀಕರಣ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತು, 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ನಮ್ಮ ಗಾಡಿ ಇಪ್ಪತ್ತರ ಹೊಸ್ತಿಲಲ್ಲಿದೆ, ಆ ಹಣ ಬೇರೆ ತೆಗೆದಿಟ್ಟಿದ್ದೇನೆ. ಅದನ್ನು ಸೇರಿಸಿದರೂ ಕಂತಿಗಿಂತ ಇದು ಬಹಳ ಕಡಿಮೆ.

ಅಂಕಿಗಿಂತ ನನಗೆ ಹೆಚ್ಚು ಚಿಂತೆ ತರುವುದು ನಮ್ಮ ರೂಢಿ. ಟಯರ್ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಹಣ ಹಾಕುತ್ತೇವೆ. ಸೀಟಿಗೆ ಹೊಸ ಕವರ್, ಮುಂದೆ ದೇವರ ಫೋಟೊಗೆ ಲೈಟು, ದೊಡ್ಡ ಹಾರ್ನು, ಇವಕ್ಕೆಲ್ಲ ಜಾತ್ರೆಯ ಮೊದಲೇ ಹಣ ಬರುತ್ತದೆ. ಬ್ರೇಕ್ ಆಯಿಲ್ ಬದಲಿಸಿ ಎಂದರೆ "ಡಬ್ಬಿ ತುಂಬ ಐತಲ್ರಿ" ಎನ್ನುತ್ತೇವೆ. ಡಬ್ಬಿ ತುಂಬಿದ್ದರೂ ಆಯಿಲ್ ಹಳೆಯದಾಗುತ್ತದೆ. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಘಾಟಿನಲ್ಲಿ ಉದ್ದಕ್ಕೂ ಬ್ರೇಕ್ ಒತ್ತಿದರೆ ಆ ಬಿಸಿ ಬರುತ್ತದೆ, ಆಯಿಲ್ ಕುದಿದು ಆವಿಯಾಗುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ 1,500 ರೂಪಾಯಿಯ ಕೆಲಸ ಇದು. ನಮ್ಮ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ರಸ್ತೆಗಳು ಬಹುಪಾಲು ಸಪಾಟು, ಆದ್ದರಿಂದ ಬ್ರೇಕಿನ ದೋಷ ಊರಲ್ಲಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಅರಬೈಲಿನಲ್ಲಿ, ದೇವಿಮನೆ ಘಾಟಿನಲ್ಲಿ, ಶ್ರೀಶೈಲದ ತಿರುವಿನಲ್ಲಿ.

15 ವರ್ಷ ದಾಟಿದ ಗಾಡಿ ನಿಮ್ಮ ಮನೆಯಲ್ಲಿದ್ದರೆ, ಅದು ಟ್ರ್ಯಾಕ್ಸ್ ಇರಲಿ, ಮ್ಯಾಟಡೋರ್ ಇರಲಿ, ದಯವಿಟ್ಟು ಈ ತಿಂಗಳೇ ಹಿಂದಿನ ಡ್ರಮ್ ಬಿಚ್ಚಿಸಿ ನೋಡಿ. ಸಿಲಿಂಡರಿನ ಮೇಲಿನ ನಂಬರನ್ನೂ ಬೋರನ್ನೂ ಬರೆದು ಆರ್‌ಸಿಯ ಜೊತೆ ಇಡಿ. ತಿಂಗಳಿಗೆ ಆರುನೂರು ರೂಪಾಯಿ ಆರ್‌ಡಿ ಕಟ್ಟಿದರೆ ಐದು ವರ್ಷಕ್ಕೆ ಬಡ್ಡಿ ಬಿಟ್ಟೇ 36,000 ಆಗುತ್ತದೆ, ಮುಂದಿನ ಬ್ರೇಕ್ ಕೆಲಸದ ಹಣ ಅಷ್ಟೇ. ಬಿಲ್ಲಿಲ್ಲದ ಕಿಟ್ ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.