ನೆರೆ ಬಂದಾಗ ಅನ್ನ ಎಲ್ಲರಿಗೂ ಸಿಗಲಿ



ಮಳೆ ಬಂದರೆ ನಮಗೆ ಖುಷಿ. ಕೆರೆ ತುಂಬುತ್ತೆ, ರಾಗಿ ಮೇಲೇಳುತ್ತೆ. ಆದರೆ ಮಳೆ ಗಾಳಿ ಮಿತಿ ಮೀರಿದರೆ? ಮೊದಲು ಆರುವುದು ಮನೆಯ ಒಲೆ. ಸೌದೆ ನೆನೆಯುತ್ತೆ. ಹಿಟ್ಟಿನ ಡಬ್ಬಕ್ಕೆ ನೀರು ಹೋಗುತ್ತೆ. ಕೂಲಿ ನಿಲ್ಲುತ್ತೆ. ಆಗ ಊಟ ಎಲ್ಲಿಂದ ಬರುತ್ತೆ? ಬಂದ ಊಟ ಎಲ್ಲರಿಗೂ ಸಿಗಬೇಕಾದರೆ ನಾವು ಏನು ಮಾಡಬೇಕು? ಓದೋಣ ಬನ್ನಿ.

ನಮ್ಮ ಕಡೆ ಏನಾಯಿತು?

ಅದು 2018ರ ಆಗಸ್ಟ್ ತಿಂಗಳು. ಕೊಡಗಿನಲ್ಲಿ ಜೋರು ಮಳೆ. ಕೇರಳದ ವಯನಾಡಿನಲ್ಲೂ ಜೋರು ಮಳೆ. ಕೊಡಗಿನ ನೀರು ಕಾವೇರಿಗೆ ಬಂತು. ವಯನಾಡಿನ ನೀರು ಕಬಿನಿಗೆ ಬಂತು. ಕೆ.ಆರ್.ಎಸ್. ತುಂಬಿತು, ಕಬಿನಿ ಅಣೆಕಟ್ಟೆಯೂ ತುಂಬಿತು. ನೀರನ್ನು ಹೊರಗೆ ಬಿಟ್ಟರು. ಈ ಎರಡು ನದಿಗಳು ತಿರುಮಕೂಡಲು ನರಸೀಪುರದಲ್ಲಿ ಕೂಡುತ್ತವೆ. ಅದರ ಕೆಳಗೆ ಇರುವುದೇ ನಮ್ಮ ಕೊಳ್ಳೇಗಾಲ.

ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಹಳೇ ಅಣಗಳ್ಳಿ ಮುಂತಾದ ನದಿ ದಡದ ಊರುಗಳಿಗೆ ನೀರು ನುಗ್ಗಿತು. ಜನ ಮನೆ ಬಿಟ್ಟು ಬಂದರು. ಅವರಿಗಾಗಿ ಗಂಜಿ ಕೇಂದ್ರ ತೆರೆದರು. ಮರುವರ್ಷ, 2019ರ ಆಗಸ್ಟಿನಲ್ಲಿ, ಮತ್ತೆ ಹಾಗೇ ಆಯಿತು.

ನೋಡಿ, ಮಳೆ ಬಿದ್ದದ್ದು ಅಲ್ಲಿ, ನೀರು ಬಂದದ್ದು ಇಲ್ಲಿ. ಆದ್ದರಿಂದ "ನಮ್ಮೂರಲ್ಲಿ ಮಳೇನೇ ಇಲ್ವಲ್ಲ" ಅಂತ ಕೂರಬಾರದು. ಡಂಗುರ ಹೊಡೆದರೆ, ಮೈಕಿನಲ್ಲಿ ಹೇಳಿದರೆ, ಎದ್ದು ಹೊರಡಬೇಕು.

ಯಳಂದೂರಿನವರಿಗೆ ಸುವರ್ಣಾವತಿ ಹೊಳೆಯ ಚಿಂತೆ. ಹೊಳೆ ಉಕ್ಕಿದರೆ ದಡದ ಗದ್ದೆ ಮುಳುಗುತ್ತೆ. ಹನೂರಿನ ಕಡೆ ಬಿರುಗಾಳಿಯ ಚಿಂತೆ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿ ಮಳೆ ಬಂದರೆ ಬಾಳೆ ನೆಲ ಕಚ್ಚುತ್ತೆ, ಮನೆಯ ಶೀಟು ಹಾರುತ್ತೆ, ಕರೆಂಟ್ ಕಂಬ ಬೀಳುತ್ತೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಸೋಲಿಗರ ಪೋಡುಗಳಿವೆ. ದಾರಿ ಕಿತ್ತುಹೋದರೆ ಅಲ್ಲಿಗೆ ಅಕ್ಕಿ ಗಾಡಿ ಹೋಗುವುದೇ ಕಷ್ಟ.

ಇದು ಭಿಕ್ಷೆ ಅಲ್ಲ

"ಗಂಜಿ ಕೇಂದ್ರಕ್ಕೆ ಹೋಗಿ ತಟ್ಟೆ ಹಿಡಿಯೋದಾ? ಮಾನ ಹೋಗಲ್ವಾ?" ಅಂತ ಕೆಲವು ಅಜ್ಜಿಯರು ಕೇಳುತ್ತಾರೆ. ಮಾನ ಹೋಗಲ್ಲ ಕಣವ್ವ. ಈಗ ಅದರ ಹೆಸರು ಕಾಳಜಿ ಕೇಂದ್ರ. ಅಲ್ಲಿನ ಊಟ ಯಾರೋ ಕೊಟ್ಟ ದಾನ ಅಲ್ಲ, ಅದು ನಮ್ಮ ಹಕ್ಕು.

2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ವಿಪತ್ತು ಎಂದರೆ ದೊಡ್ಡ ಆಪತ್ತು. ಪರಿಹಾರ ಕೇಂದ್ರದಲ್ಲಿ ಇರಲು ಜಾಗ, ಊಟ, ಕುಡಿಯುವ ನೀರು, ಔಷಧಿ, ಶೌಚಕ್ಕೆ ಅನುಕೂಲ ಇರಬೇಕು ಎಂದು ಈ ಕಾಯ್ದೆ ಹೇಳುತ್ತೆ. ವಿಧವೆಯರಿಗೂ ತಬ್ಬಲಿಗಳಿಗೂ ವಿಶೇಷ ಗಮನ ಕೊಡಬೇಕು ಎನ್ನುತ್ತೆ. ಪರಿಹಾರ ಕೊಡುವಾಗ ಗಂಡು ಹೆಣ್ಣು, ಜಾತಿ, ಧರ್ಮ ಎಂದು ಭೇದ ಮಾಡಬಾರದು ಎಂದೂ ಹೇಳುತ್ತೆ. ಅಲ್ಲಿ ಎಲ್ಲರಿಗೂ ಒಂದೇ ಸಾಲು, ಒಂದೇ ಪಾತ್ರೆ.

ಯಾರು ಬಿಟ್ಟುಹೋಗುತ್ತಾರೆ?

ಊಟದ ಗಾಡಿ ಬಂದಾಗ ಗಟ್ಟಿ ಇರುವವರು ಮುಂದೆ ನುಗ್ಗುತ್ತಾರೆ. ಹಿಂದೆ ಉಳಿಯುವವರು ಯಾರು?

ಹಸು, ಆಡು ಕಾಯಲು ಮನೆಯಲ್ಲೇ ಉಳಿದ ಅಜ್ಜಿ.
ಕೂಸು ಬಿಟ್ಟು ಏಳಲಾರದ ಬಾಣಂತಿ.
ನಡೆಯಲಾರದವರು, ಕಣ್ಣು ಕಾಣದವರು.
ಊರಾಚೆ ಗುಡಿಸಲು ಹಾಕಿದ ಕೂಲಿಯವರು. ಅವರ ಹೆಸರು ಊರಿನ ಪಟ್ಟಿಯಲ್ಲಿ ಇರುವುದಿಲ್ಲ.
ಮತ್ತೆ ನಾವು, ಹೆಂಗಸರು. ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆ ತಳ ಕೆರೆಯುತ್ತೇವೆ. ಬಸುರಿ ಹೆಂಗಸು ಹಾಗೆ ಮಾಡಿದರೆ ಇಬ್ಬರು ಉಪವಾಸ ಬಿದ್ದಂತೆ.

ನಾವೇ ಪಟ್ಟಿ ಬರೆಯೋಣ

ನಮಗೀಗ ಅಕ್ಷರ ಬರುತ್ತೆ. ಅದು ಇಂಥ ದಿನಕ್ಕೇ ಬೇಕು. ಸಂಘದ ಇಬ್ಬಿಬ್ಬರು ಒಂದೊಂದು ಬೀದಿ ಹಂಚಿಕೊಳ್ಳಿ. ಮನೆ ಮನೆಗೆ ಹೋಗಿ ಬರೆಯಿರಿ. ದೊಡ್ಡವರು ಎಷ್ಟು? ಮಕ್ಕಳು ಎಷ್ಟು? ಬಸುರಿ, ಬಾಣಂತಿ ಇದ್ದಾರಾ? ಹಾಸಿಗೆ ಹಿಡಿದವರು ಇದ್ದಾರಾ?

ಬರೆದ ಮೇಲೆ ಎಲ್ಲರ ಮುಂದೆ ಜೋರಾಗಿ ಓದಿ. "ಯಾರ ಹೆಸರು ಬಿಟ್ಟಿದೆ?" ಅಂತ ಕೇಳಿ. ಬಿಟ್ಟವರ ಹೆಸರು ಸೇರಿಸಿ. ಒಂದು ಪಟ್ಟಿ ಗ್ರಾಮ ಪಂಚಾಯಿತಿಗೆ ಕೊಡಿ, ಒಂದು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಸಾಮಾನು ಪಡೆಯುವಾಗ ಕಾಗದ ಓದಿ ಸಹಿ ಹಾಕಿ. ಕಾಗದದಲ್ಲಿ 10 ಕಿಲೋ ಅಂತ ಇದ್ದು, ಚೀಲದಲ್ಲಿ 7 ಕಿಲೋ ಇದ್ದರೆ? ಸಹಿ ಹಾಕಬೇಡಿ, "ತೂಕ ಮಾಡಿ ಸ್ವಾಮಿ" ಅನ್ನಿ. ಪರಿಹಾರದ ಸಾಮಾನು ನುಂಗುವುದು ಅಪರಾಧ. ಸುಳ್ಳು ಹೇಳಿ ಪರಿಹಾರ ಪಡೆಯುವುದೂ ಅಪರಾಧ.

ಎಷ್ಟು ಬೇಕು? ಲೆಕ್ಕ ಮಾಡೋಣ

ಒಬ್ಬರಿಗೆ ಒಂದು ದಿನಕ್ಕೆ ಸುಮಾರು ಇಷ್ಟು ಬೇಕು:
ಅಕ್ಕಿ ಅಥವಾ ರಾಗಿ 400 ಗ್ರಾಂ
ಬೇಳೆ ಅಥವಾ ಕಾಳು 60 ಗ್ರಾಂ
ಎಣ್ಣೆ 25 ಗ್ರಾಂ

50 ಜನಕ್ಕೆ ಎಷ್ಟು? ಅಕ್ಕಿ 20 ಕಿಲೋ. ಬೇಳೆ 3 ಕಿಲೋ. ಎಣ್ಣೆ 1 ಕಿಲೋ 250 ಗ್ರಾಂ. ಜೊತೆಗೆ ಉಪ್ಪು, ಖಾರ, ಸೊಪ್ಪು.

ಮೊದಲ ದಿನ ಒಲೆ ಹಚ್ಚಲು ಆಗದೇ ಇರಬಹುದು. ಅದಕ್ಕೆ ಅವಲಕ್ಕಿ, ಪುರಿ, ಹುರಿಗಡಲೆ, ಬೆಲ್ಲ ಒಳ್ಳೆಯದು. ಮಳೆಗಾಲದಲ್ಲಿ ಒಂದು ಡಬ್ಬ ಎತ್ತರದಲ್ಲಿ ಇಟ್ಟಿರಿ. ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಕಾರ್ಡಿನ ನಂಬರನ್ನು ಬೇರೆ ಕಡೆಯೂ ಬರೆದಿಡಿ.

ಅಡುಗೆ, ನೀರು ಜೋಪಾನ

ನೆರೆಯ ನೀರು ಬಾವಿಗೆ, ಬೋರಿಗೆ ಸೇರಿದರೆ ವಾಂತಿ ಭೇದಿ ಬರುತ್ತೆ. ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ ಕುಡಿಯಿರಿ. ಭೇದಿ ಆದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ. ಚಮಚ ಕೋಡುಗಟ್ಟದೆ ಸಮವಾಗಿರಲಿ. ಸ್ವಲ್ಪ ಸ್ವಲ್ಪ ಕುಡಿಸಿ. ಬೇಗ ಆಸ್ಪತ್ರೆಗೆ ಕರೆದೊಯ್ಯಿರಿ.

ಆರು ತಿಂಗಳ ಒಳಗಿನ ಕೂಸಿಗೆ ತಾಯಿ ಹಾಲು ಮಾತ್ರ ಸಾಕು. ಯಾರಾದರೂ ಹಾಲಿನ ಪುಡಿ ಹಂಚಿದರೂ ಬಾಟಲಿ ಹಿಡಿಸಬೇಡಿ. ಕೂಸಿನ ತಾಯಿಗೆ ಮೊದಲು ಊಟ ಕೊಡಿ. ಹೊಟ್ಟೆ ತುಂಬಿದರೆ ಅವಳೇ ಕೂಸನ್ನು ಸಾಕುತ್ತಾಳೆ.

ನೆನೆದ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಧಾನ್ಯಕ್ಕೆ ಸೇರಿರಬಹುದು. ಅಂಥ ಧಾನ್ಯ ಬೇಯಿಸಬೇಡಿ, ದನಕ್ಕೂ ಹಾಕಬೇಡಿ. 2018ರ ಡಿಸೆಂಬರಿನಲ್ಲಿ ಹನೂರು ಕಡೆಯ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ವಿಷ ಬೆರೆಸಿದ್ದನ್ನು ನಾವು ಮರೆತಿಲ್ಲ. ಪ್ರಸಾದ ತಿಂದ ಎಷ್ಟೋ ಜನ ಜೀವ ಬಿಟ್ಟರು. ನೂರಾರು ಜನ ಉಣ್ಣುವ ಅಡುಗೆಗೆ ಯಾವಾಗಲೂ ಇಬ್ಬರು ಕಾವಲಿರಲಿ. ವಾಸನೆ ಬೇರೆ ಬಂದರೆ ಬಡಿಸಬೇಡಿ.

ಊಟ ಬರದಿದ್ದರೆ ಸುಮ್ಮನಿರಬೇಡಿ. 1077ಕ್ಕೆ ಫೋನ್ ಮಾಡಿ. ಅದು ಜಿಲ್ಲೆಯ ವಿಪತ್ತು ಸಹಾಯವಾಣಿ. ರೇಷನ್ ತೊಂದರೆಗೆ 1967.

ನೆನಪಿಡೋಣ

ಹೆಸರು ಬರೆದರೆ ಯಾರೂ ಬಿಟ್ಟುಹೋಗುವುದಿಲ್ಲ.
ಓದಿದ ಮೇಲೆ ಸಹಿ.
ನಡೆಯಲಾರದವರಿಗೆ ಮೊದಲ ತಟ್ಟೆ.

ಹೊಸ ಪದಗಳು

ವಿಪತ್ತು, ಪರಿಹಾರ, ಕಾಯ್ದೆ, ಹಕ್ಕು, ಸಹಾಯವಾಣಿ

ಉತ್ತರ ಬರೆಯಿರಿ

1. 2018ರಲ್ಲಿ ಮಳೆ ಎಲ್ಲಿ ಬಿತ್ತು? ನೀರು ಎಲ್ಲಿಗೆ ಬಂತು?
2. ನಿಮ್ಮ ಬೀದಿಯಲ್ಲಿ ಊಟದ ಸಾಲಿಗೆ ಬರಲಾರದವರು ಯಾರು? ಅವರ ಹೆಸರು ಬರೆಯಿರಿ.
3. 30 ಜನಕ್ಕೆ ಎರಡು ದಿನಕ್ಕೆ ಅಕ್ಕಿ ಎಷ್ಟು ಬೇಕು? ಬೇಳೆ ಎಷ್ಟು?

ಎರಡನೆಯ ಪ್ರಶ್ನೆಯ ಉತ್ತರವನ್ನು ಅಳಿಸಬೇಡಿ. ಆ ಹಾಳೆಯನ್ನು ರೇಷನ್ ಕಾರ್ಡಿನ ಜೊತೆ ಇಡಿ.